ನಂಬರ ಅದಾವ, ಪತ್ತೆ ಎಲ್ಲೈತಿ?

ಜಮಖಂಡಿಯ ನಮ್ಮ ಮನೆಯಲ್ಲಿ ಹೋದ ವರ್ಷ ಒಂದು ಲಗ್ನ. ಪತ್ರಿಕೆಗಳು ಅಚ್ಚಾಗಿ ಬಂದಿದ್ದವು, ಲಕೋಟೆಗಳ ಮೇಲೆ ಹೆಸರು ಬರೆಯುವ ಕೆಲಸವೊಂದು ಬಾಕಿ ಇತ್ತು. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಅಕ್ಕನ ಮಗ ಮನೆಮಂದಿಯ ಫೋನುಗಳನ್ನೆಲ್ಲ ಒಂದೆಡೆ ಸೇರಿಸಿ, ಅವುಗಳೊಳಗಿನ ಹೆಸರುಗಳನ್ನು ಹಿಂಡಿ ತೆಗೆದು, ಎರಡೆರಡು ಸಲ ಬಂದವನ್ನು ಹೊಡೆದುಹಾಕಿ, ಅಚ್ಚುಕಟ್ಟಾದ ಒಂದು ಪಟ್ಟಿ ಮಾಡಿ ನಮ್ಮ ಕಾಕಾನ ಮುಂದೆ ಹಿಡಿದ. ಎಂಟುನೂರಕ್ಕೂ ಹೆಚ್ಚು ಹೆಸರು. ಕಾಕಾ ಚಸ್ಮಾ ಏರಿಸಿ ಮೂರು ಹಾಳೆ ತಿರುವಿದರು.

‘ನಂಬರ ಅದಾವ. ಪತ್ತೆ ಎಲ್ಲೈತಿ?’

ಹುಡುಗ ಗಾಬರಿಯಾದ. ‘ಯಾರ ಪತ್ತೆ ಇಲ್ಲ ಅಜ್ಜಾ? ಯಾರಾದ್ರೂ ಕಾಣೆಯಾಗಿದ್ದಾರಾ?’

ಇಬ್ಬರೂ ಆಡಿದ್ದು ಕನ್ನಡವೇ. ಕಾಕಾನಿಗೆ ಬೇಕಾದದ್ದು ಮನೆ ಎಲ್ಲಿದೆ ಎಂಬ ವಿವರ. ಹುಡುಗನಿಗೆ ಕೇಳಿಸಿದ್ದು ಪೊಲೀಸ್ ಠಾಣೆಯ ಮಾತು. ಒಂದೇ ಪದ ನಾಡಿನ ಒಂದು ಕಡೆ ಮನೆ ತೋರಿಸುತ್ತದೆ, ಇನ್ನೊಂದು ಕಡೆ ಮನೆ ಬಿಟ್ಟು ಹೋದವರನ್ನು ಹುಡುಕುತ್ತದೆ. ಲಗ್ನದ ಗದ್ದಲ ಮುಗಿದ ಮೇಲೂ ಈ ಪದ ನನ್ನ ತಲೆಯಿಂದ ಇಳಿಯಲಿಲ್ಲ.

ಧಾರವಾಡ, ಬೆಳಗಾವಿ, ವಿಜಾಪುರದ ಕಡೆಯ ಹಳೆಯ ಪುಸ್ತಕಗಳನ್ನು ತೆರೆದು ನೋಡಿದವರಿಗೆ ಕಾಕಾನ ಅರ್ಥ ಹೊಸದಲ್ಲ. ಪುಸ್ತಕ ಸಿಗುವ ಜಾಗವನ್ನು ‘ಪತ್ತೆ’ ಎಂದು ಅಚ್ಚುಹಾಕಿ ತಿಳಿಸುವುದು ಅಲ್ಲಿ ವಾಡಿಕೆಯಾಗಿತ್ತು. ಪದ ಬಂದದ್ದು ಮರಾಠಿಯಿಂದ, ಅದರ ಬೆನ್ನಿಗೆ ಹಿಂದಿ. ಇದಕ್ಕೆ ಪದದ ಮೈಮೇಲೆಯೇ ಗುರುತಿದೆ. ಹಿಂದಿಯಲ್ಲಿ ಅದು ‘ಪತಾ’, ಒಂಟಿ ತಕಾರ. ಹಿಂದಿಯವರು ಒತ್ತು ಕೊಟ್ಟು ‘ಪತ್ತಾ’ ಎಂದರೆ ಗಿಡದ ಎಲೆ ಅಥವಾ ಇಸ್ಪೀಟಿನ ಎಲೆ. ಮರಾಠಿಯಲ್ಲಿ ಮನೆಯ ಗುರುತಿಗೂ ‘ಪತ್ತಾ’ ಎಂದೇ ಒತ್ತಕ್ಷರ. ನಮ್ಮ ಪದದಲ್ಲೂ ಅದೇ ಒತ್ತು ಇದೆ ಎಂದ ಮೇಲೆ ಪದ ಯಾವ ಅಗಸಿ ದಾಟಿ ಊರೊಳಗೆ ಬಂತೆಂದು ಹೇಳಲು ಬೇರೆ ಸಾಕ್ಷಿ ಬೇಡ. ಒಳಗೆ ಬಂದ ಮೇಲೆ ಕನ್ನಡದ ಪದ್ಧತಿಯಂತೆ ಕೊನೆಯ ಆಕಾರ ಎಕಾರವಾಯಿತು. ರಸ್ತಾ ರಸ್ತೆಯಾಯಿತು, ಜಿಲ್ಹಾ ಜಿಲ್ಲೆಯಾಯಿತು, ಪತ್ತಾ ಪತ್ತೆಯಾಯಿತು. ಲಕೋಟೆಯ ಮೇಲೆ ಬರೆಯುವ ಎಷ್ಟೊಂದು ಪದಗಳು ಒಂದೇ ಬಾಗಿಲಿನಿಂದ ಬಂದು ಒಂದೇ ಅಂಗಿ ತೊಟ್ಟಿವೆ ನೋಡಿ.

ಆ ಬಾಗಿಲು ನಮ್ಮ ಊರಲ್ಲಿ ಅಗಲವಾಗಿಯೇ ತೆರೆದಿತ್ತು. ಜಮಖಂಡಿ 1811ರಿಂದ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. 1948ರಲ್ಲಿ ಎರಡೂ ಮುಂಬಯಿ ಪ್ರಾಂತದಲ್ಲಿ ಕರಗುವವರೆಗೂ ದರಬಾರಿನ ಮರಾಠಿ ಮತ್ತು ಸಂತೆಯ ಕನ್ನಡ ಅಕ್ಕಪಕ್ಕ ಕುಳಿತು ಬಾಳಿದವು. ಹಾಗೆ ಕುಳಿತವರ ನಡುವೆ ಎಲೆ‑ಅಡಿಕೆಯ ಜೊತೆ ಪದಗಳೂ ಕೈ ಬದಲಾಯಿಸುತ್ತವೆ.

ಬಂದ ಪದವನ್ನು ಕನ್ನಡ ಸುಮ್ಮನೆ ಇಟ್ಟುಕೊಳ್ಳಲಿಲ್ಲ, ದುಡಿಮೆಗೆ ಹಚ್ಚಿತು. ‘ಹಚ್ಚು’ ಎಂದೆ, ಅದನ್ನೇ ನೋಡಿ. ನಮ್ಮ ಕಡೆ ದೀಪ ಹಚ್ಚುತ್ತೇವೆ, ಅರಿಷಿಣ ಹಚ್ಚುತ್ತೇವೆ, ಮಕ್ಕಳನ್ನು ಸಾಲಿಗೆ ಹಚ್ಚುತ್ತೇವೆ, ಪ್ರೀತಿಯ ಮಂದಿಯನ್ನು ಹಚ್ಚಿಕೊಳ್ಳುತ್ತೇವೆ. ಟೆಲಿಫೋನು ಬಂದಾಗ ಬೇರೆ ಕ್ರಿಯಾಪದ ಹುಡುಕುವ ಗೋಜಿಗೆ ಹೋಗದೆ ‘ಫೋನ್ ಹಚ್ಚು’ ಎಂದೆವು. ಪತ್ತೆಯನ್ನೂ ಹಚ್ಚಿದೆವು. ಕಳುವಾದ ಎತ್ತಿನ ಪತ್ತೆ, ಕೈಕೊಟ್ಟು ಹೋದ ಸಾಲಗಾರನ ಪತ್ತೆ, ಗಂಡು ನೋಡಲು ಬಂದವರ ಮನೆತನದ ಪತ್ತೆ. ಅಲ್ಲಿಗೆ ‘ದಾರ’ ಎಂಬ ಪಾರಸಿ ಬಾಲ ಸೇರಿಕೊಂಡು ತಹಶೀಲ್ದಾರ, ಜಮಾದಾರರ ಸಾಲಿನಲ್ಲಿ ಪತ್ತೇದಾರನೂ ನಿಂತ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಸ್‌ ಸ್ಟ್ಯಾಂಡಿನ ಪುಸ್ತಕದಂಗಡಿಯಿಂದ ಬಾಡಿಗೆಗೆ ತಂದು ಓದಿದ ತಲೆಮಾರಿನವರಿಗೆ ಪದದ ಆ ಮುಖವೇ ಹೆಚ್ಚು ಪರಿಚಿತ.

ಮುಧೋಳದವರು ಇಲ್ಲಿ ತಮ್ಮ ನಾಯಿಯ ಮಾತು ತೆಗೆಯದೆ ಬಿಡುವುದಿಲ್ಲ. ಪತ್ತೆ ಹಚ್ಚುವ ನಾಯಿ ಎಂದರೆ ಮೂಗಿನ ನಾಯಿ ಎಂದು ಎಲ್ಲರೂ ತಿಳಿಯುತ್ತಾರೆ. ಮುಧೋಳ ನಾಯಿ ಬೇಟೆಯನ್ನು ಹಿಡಿಯುವುದು ಮುಖ್ಯವಾಗಿ ಕಣ್ಣಿನ ಬಲದಿಂದ, ಕಾಲಿನ ವೇಗದಿಂದ. 2005ರ ಜನವರಿಯಲ್ಲಿ ಅಂಚೆ ಇಲಾಖೆ ಭಾರತದ ನಾಲ್ಕು ನಾಯಿ ತಳಿಗಳ ಚೀಟಿ ಹೊರಡಿಸಿದಾಗ ಇದಕ್ಕೂ ಒಂದು ಸಿಕ್ಕಿತು. ಊರಿನ ಹೆಸರನ್ನೇ ತನ್ನ ಹೆಸರು ಮಾಡಿಕೊಂಡ ನಾಯಿ ಲಕೋಟೆಯ ಮೂಲೆಯಲ್ಲಿ ಕೂತು, ಬೇರೆಯವರ ಪತ್ತೆ ಹುಡುಕಿಕೊಂಡು ದೇಶ ತಿರುಗಿತು!

ಇನ್ನು ನಾಪತ್ತೆ. ಮೂರು ನುಡಿಗಳು ಒಂದೇ ಪದಕ್ಕೆ ಮೂರು ಬೇರೆ ಇಲ್ಲಗಳನ್ನು ಅಂಟಿಸಿದ ಸೊಗಸು ಇಲ್ಲಿದೆ. ಹಿಂದಿ ಅರಬ್ಬಿಯ ‘ಲಾ’ ತಂದು ‘ಲಾಪತಾ’ ಮಾಡಿತು. ಮರಾಠಿ ಪಾರಸಿಯ ‘ಬೇ’ ಹಿಡಿದು ‘ಬೇಪತ್ತಾ’ ಎಂದಿತು. ಕನ್ನಡ ಅದೇ ಪಾರಸಿಯ ‘ನಾ’ ಆರಿಸಿಕೊಂಡು ‘ನಾಪತ್ತೆ’ ಎಂದಿತು, ನಾಲಾಯಕ್ಕು ನಾಪಾಸುಗಳ ಪಕ್ಕಕ್ಕೆ. ‘ಬೇ’ ನಮಗೆ ಗೊತ್ತಿಲ್ಲದ್ದೇನಲ್ಲ, ಬೇಕಾರು ಬೇಜವಾಬ್ದಾರಿಗಳನ್ನು ದಿನಾ ಆಡುತ್ತೇವೆ. ಆದರೂ ಮರಾಠಿಯ ಪದವನ್ನು ತೆಗೆದುಕೊಂಡವರು ಅದರ ಇಲ್ಲವನ್ನು ಮಾತ್ರ ತೆಗೆದುಕೊಳ್ಳಲಿಲ್ಲ. ಸಾಲ ತಂದ ಪಾತ್ರೆಗೆ ಮುಚ್ಚಳ ನಮ್ಮ ಮನೆಯದು.

ಹಾಗಾದರೆ ಬೆಂಗಳೂರಿನ ಹುಡುಗನಿಗೆ ಪತ್ತೆಯ ಮನೆಯ ಅರ್ಥ ಏಕೆ ತಿಳಿಯಲಿಲ್ಲ? ಆ ಕುರ್ಚಿಯಲ್ಲಿ ದಕ್ಷಿಣದಲ್ಲಿ ಮೊದಲೇ ಒಬ್ಬರು ಕೂತಿದ್ದರು: ವಿಳಾಸ. ಬಂದ ಪತ್ತೆಗೆ ಉಳಿದದ್ದು ಹುಡುಕಾಟದ ಕೆಲಸ ಮಾತ್ರ.

ವಿಳಾಸದ ಕತೆ ಇನ್ನೂ ವಿಚಿತ್ರ. ಸಂಸ್ಕೃತದ ವಿಲಾಸ ಎಂದರೆ ಬೆಡಗು, ಬಿನ್ನಾಣ, ಆಟ, ಹೊಳಪು. ಅದಕ್ಕೂ ಮನೆ ನಂಬರಿಗೂ ಎಲ್ಲಿಯ ಸಂಬಂಧ? ಮೊದಲು ಅಕ್ಷರದ ಮಾತು. ಸಂಸ್ಕೃತದ ಲಕಾರ ಹಳಗನ್ನಡದಲ್ಲಿ ಳಕಾರವಾಗುವುದು ಸಾಮಾನ್ಯ, ಸಕಲ ಸಕಳವಾದಂತೆ. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಇಂಥ ಳಕಾರವನ್ನು ಕ್ಷಳ ಎಂದು ಬೇರೆಯಾಗಿ ಗುರುತಿಸುತ್ತಾನೆ. ಅಂದರೆ ಹಳೆಯ ಕವಿಗೆ ವಿಲಾಸವೂ ವಿಳಾಸವೂ ಒಂದೇ. ನಾವು ಆಮೇಲೆ ಅಣ್ಣತಮ್ಮಂದಿರ ಹಾಗೆ ಪಾಲು ಮಾಡಿದೆವು: ಭೋಗವೆಲ್ಲ ಲಕಾರಕ್ಕೆ, ಅಂಚೆಯೆಲ್ಲ ಳಕಾರಕ್ಕೆ. ಕಾಫಿ ವಿಲಾಸಕ್ಕೆ ಹೋಗುತ್ತೇವೆ, ಅದರ ವಿಳಾಸ ಕೇಳುತ್ತೇವೆ. ತಮಿಳರು ಈ ಪಾಲಿಗೆ ಹೋಗಲಿಲ್ಲ, ಅವರಿಗೆ ಎರಡಕ್ಕೂ ವಿಲಾಸಂ. ಮಲಯಾಳದವರದು ಮೇಲ್ವಿಲಾಸಂ.

ಈ ‘ಮೇಲ್’ ನನಗೆ ಸುಳಿವಿನಂತೆ ಕಾಣುತ್ತದೆ. ಕಾಗದದ ಒಳಗೆ ಸಮಾಚಾರ, ಮೇಲುಗಡೆ ಯಾರಿಗೆ ಎಂಬುದರ ಒಕ್ಕಣೆ. ಹಳೆಯ ಕಾಗದಗಳಲ್ಲಿ ಆ ಒಕ್ಕಣೆ ಬರಿಯ ಹೆಸರಾಗಿರಲಿಲ್ಲ. ರಾಜಮಾನ್ಯ ರಾಜಶ್ರೀ, ಶ್ರೀಮತ್ ಸಕಲಗುಣಸಂಪನ್ನ ಎಂದು ಬಿರುದುಗಳ ಮಾಲೆ ಹಾಕಿ ಕೊನೆಗೆ ಹೆಸರು, ಊರು. ಬೆಡಗೆಲ್ಲ ಹೊರಮೈಯಲ್ಲಿ. ಆ ಮೇಲಿನ ಬೆಡಗನ್ನೇ ಮೇಲ್ವಿಳಾಸ ಎಂದು ಕರೆದು, ಕ್ರಮೇಣ ಬಿರುದು ಉದುರಿ, ಊರು‑ಕೇರಿ ಮಾತ್ರ ಉಳಿದಿರಬೇಕು ಎಂಬುದು ನನ್ನ ಊಹೆ. ಪದಗಳ ವಿಷಯದಲ್ಲಿ ಊಹೆಯನ್ನು ಊಹೆ ಎಂದೇ ಹೇಳುವುದು ಒಳ್ಳೆಯದು, ಇಲ್ಲವಾದರೆ ಮರುವರ್ಷ ಅದು ಯಾರದೋ ಭಾಷಣದಲ್ಲಿ ಸತ್ಯವಾಗಿ ಬರುತ್ತದೆ.

1956ರ ಏಕೀಕರಣದ ನಂತರ ಪಠ್ಯಪುಸ್ತಕದ ಪತ್ರಲೇಖನದ ಜೊತೆ ವಿಳಾಸ ನಮ್ಮ ಸಾಲಿಗಳಿಗೂ ಬಂತು. ಮಾಸ್ತರರ ಎದುರು ವಿಳಾಸ, ಮನೆಯಲ್ಲಿ ಪತ್ತೆ, ಬ್ಯಾಂಕಿನಲ್ಲಿ ಅಡ್ರೆಸ್ಸು. ಕೋರ್ಟು‑ಠಾಣೆಯಲ್ಲಿ ಮಾತ್ರ ಇವು ಮೂರೂ ನಡೆಯುವುದಿಲ್ಲ, ಅಲ್ಲಿ ‘ಸಾ:’. ಹೆಸರು, ವಯಾ, ಉ: ಒಕ್ಕಲುತನ, ಸಾ: ರಬಕವಿ ಎಂದು ಇವತ್ತಿಗೂ ಬರೆಯುತ್ತಾರೆ. ಸಾಕೀನ ಎಂಬುದರ ಮೊಟಕು ಅದು. ಅರಬ್ಬಿ ಮೂಲ, ಅಲುಗದೆ ನೆಲೆಸಿದವ ಎಂದು ಅರ್ಥ. ಲಕೋಟೆಯ ಮೇಲೆ ಬರೆಯುತ್ತಿದ್ದ ‘ಮು|| ಪೋ||’ದ ಮುಕ್ಕಾಮಿನ ಮೂಲವೂ ಅರಬ್ಬಿಯೇ, ಆದರೆ ನಮ್ಮ ಬಾಯಲ್ಲಿ ಮುಕ್ಕಾಮು ಎಂದರೆ ರಾತ್ರಿ ತಂಗುವ ಜಾಗ. ಒಂದೇ ಮನೆಯಲ್ಲಿ ಇರುವವನನ್ನು ಕೋರ್ಟು ನೆಲೆಸಿದವ ಎನ್ನುತ್ತದೆ, ಅಂಚೆ ತಂಗಿದವ ಎನ್ನುತ್ತದೆ. ಈ ಜಗಳದಲ್ಲಿ ನಾನು ಅಂಚೆಯ ಪರ.

ಯಾಕೆಂದರೆ ಅಲುಗದೆ ಕುಳಿತವರ ಪತ್ತೆಯೂ ಅಲುಗಿದೆ. ನಮ್ಮ ಮನೆಯ ಬಾಗಿಲು ನನ್ನ ಅಜ್ಜ ಹಚ್ಚಿದ ಜಾಗದಲ್ಲೇ ಇದೆ. ಅಜ್ಜನ ಕಾಲಕ್ಕೆ ಅದು ಜಮಖಂಡಿ ಸಂಸ್ಥಾನ. 1948ರಲ್ಲಿ ಮುಂಬಯಿ, ಜಿ|| ವಿಜಾಪುರ. 1956ರಲ್ಲಿ ಮೈಸೂರು ರಾಜ್ಯ. 1973ರಲ್ಲಿ ಕರ್ನಾಟಕ. 1997ರ ಆಗಸ್ಟ್ 15ಕ್ಕೆ ಜಿ|| ಬಾಗಲಕೋಟ. 1972ರ ಆಗಸ್ಟ್ 15ರಂದು ಪಿನ್‌ ಕೋಡು ಬಂದಾಗ ಕೊನೆಯಲ್ಲಿ ಆರು ಅಂಕಿಯ ಬಾಲವೂ ಸೇರಿಕೊಂಡಿತ್ತು. ಜಮಖಂಡಿಗೆ 587301, ಬೀಳಗಿಗೆ 587116. ರಬಕವಿ‑ಬನಹಟ್ಟಿಗೆ ನಗರಸಭೆ ಒಂದೇ, ಬಾಯಲ್ಲಿ ಉಸಿರುಬಿಡದೆ ಒಂದೇ ಹೆಸರು, ಆದರೆ ಪಿನ್ ಎರಡು: ಬನಹಟ್ಟಿ 587311, ರಬಕವಿ 587314. ಅವೆರಡರ ನಡುವಿನ 587313 ಮುಧೋಳದ್ದು. ಅಂಚೆಯವರ ಲೆಕ್ಕವನ್ನು ನೇಕಾರನಿಗೆ ಹೇಳಿದರೆ ಹಾಸಿನ ಎಳೆ ತಪ್ಪಿದೆ ಎಂದಾನು.

ರಾಜ್ಯ, ಜಿಲ್ಲೆ, ಊರು ಎಂದು ಮೇಲಿನಿಂದ ಕೆಳಕ್ಕೆ ಜಾಗ ಹೇಳುವುದು ಇಲ್ಲಿ ಹೊಸದೇನೂ ಅಲ್ಲ. ಮುಧೋಳದ ರನ್ನ, ಕ್ರಿ.ಶ. 949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದವನು, ತನ್ನ ಹುಟ್ಟಿದ ನೆಲದ ಗುರುತನ್ನು ನಾಡು, ಅದರೊಳಗಿನ ಚಿಕ್ಕ ನಾಡು, ಊರು ಎಂಬ ಸರಣಿಯಲ್ಲೇ ಕೊಟ್ಟಿದ್ದಾನೆ: ಬೆಳುಗಲಿ ನಾಡು, ಜಂಬುಖಂಡಿ ಎಪ್ಪತ್ತು, ಮುದುವೊಳಲು. ಎಪ್ಪತ್ತು ಎಂಬುದು ಹಳ್ಳಿಗಳ ಗುಂಪಿನ ಎಣಿಕೆ, ಅಂದಿನ ತಾಲೂಕು ಎನ್ನೋಣ. ಸಾವಿರ ವರ್ಷದ ಹಿಂದೆ ಮುಧೋಳದವನು ಜಮಖಂಡಿ ತಾಲೂಕು ಎಂದು ಬರೆದುಕೊಂಡಿದ್ದ ಎಂದರೆ ಈಗಿನ ಮುಧೋಳದವರು ಒಪ್ಪುವುದು ಕಷ್ಟ!

ಬೀಳಗಿ ತಾಲೂಕಿನಲ್ಲಿ ಮಾತ್ರ ಪತ್ತೆಯ ಕತೆ ನಗುವಂಥದ್ದಲ್ಲ. ಆಲಮಟ್ಟಿಯ ಹಿನ್ನೀರು ಕೃಷ್ಣೆ ಘಟಪ್ರಭೆಗಳ ದಂಡೆಯ ಊರುಗಳನ್ನು ಎಬ್ಬಿಸಿತು. ಜನ ಪುನರ್ವಸತಿ ಕೇಂದ್ರಗಳಿಗೆ ಹೋದರು. ಊರಿನ ಹೆಸರೂ ಜೊತೆಗೆ ಹೋಯಿತು, ಆದರೆ ಹೆಸರಿನ ಜೊತೆ ಗುಡಿಯ ಬಲಗಡೆ, ಬಾವಿಯ ಹಿಂದೆ, ಗೌಡರ ಅಗಸಿಯ ಎದುರು ಎಂಬ ಮಾತುಗಳು ಹೋಗಲಿಲ್ಲ. ಅಲ್ಲಿ ಸಾಲು, ಪ್ಲಾಟು, ನಂಬರು. ‘ಮುಳುಗಡೆ’ ಎಂಬ ಒಂದೇ ಪದದಲ್ಲಿ ಅವರ ಹಳೆಯ ಪತ್ತೆ ಇದೆ. ಬೇಸಿಗೆಯಲ್ಲಿ ನೀರು ಇಳಿದಾಗ ಕೆಲವರು ಹೋಗಿ ತಮ್ಮ ಮನೆಯ ಬುನಾದಿ ಎಲ್ಲಿತ್ತು ಎಂದು ಮೊಮ್ಮಕ್ಕಳಿಗೆ ತೋರಿಸಿ ಬರುತ್ತಾರೆ. ಪತ್ತೆಯ ಎರಡೂ ಅರ್ಥ ಒಂದೇ ಕಡೆ ಕೂಡಿದ್ದನ್ನು ನಾನು ನೋಡಿದ್ದು ಅಲ್ಲಿ.

ಈಗ ಫೋನಿನ ಮಾತು. ಮೊದಲಿನ ಫೋನುಗಳಲ್ಲಿ ಹೆಸರುಗಳು ಇರುತ್ತಿದ್ದದ್ದು ಸಿಮ್ಮಿನೊಳಗೆ, ಹೆಚ್ಚಿನವುಗಳಲ್ಲಿ 250 ಹೆಸರಿಗೆ ಜಾಗ. ಹೆಸರಿಗೊಂದು ನಂಬರು, ಅಷ್ಟೇ. ಇಂಗ್ಲಿಷ್ ಅಕ್ಷರಕ್ಕೆ ಹೋಲಿಸಿದರೆ ಕನ್ನಡದ ಅಕ್ಷರ ಅಲ್ಲಿ ಇಮ್ಮಡಿ ಜಾಗ ತಿನ್ನುತ್ತಿದ್ದುದರಿಂದ ನಮ್ಮ ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಕುಗ್ಗಿ ಕೂತವು. ಪತ್ತೆ ಬಿದ್ದುಹೋದದ್ದು ಆಗಲೇ. ಅದಕ್ಕೂ ಮುಂಚೆ ಲ್ಯಾಂಡ್‌ಲೈನಿನ ಪಕ್ಕದ ಗೋಡೆಗೆ ಪೆನ್ಸಿಲಿನಲ್ಲಿ ಗೀಚಿದ ನಂಬರುಗಳಿದ್ದವು. ಸುಣ್ಣ ಬಳಿಯುವ ಮುನ್ನ ಅವನ್ನು ವಹಿಗೆ ಇಳಿಸಿಕೊಳ್ಳುವುದು ದೀಪಾವಳಿಯ ಕೆಲಸಗಳಲ್ಲಿ ಒಂದು. ಅದಕ್ಕಿಂತ ಹಳೆಯ ಬ್ಯಾಕಪ್ಪು ನನಗೆ ಗೊತ್ತಿಲ್ಲ.

ಜಾಣ ಫೋನುಗಳು ಬಂದ ಮೇಲೆ ಜಾಗದ ಕೊರತೆ ತಪ್ಪಿತು, ಬೇರೆ ತೊಡಕು ಶುರುವಾಯಿತು. ಹೆಸರು, ನಂಬರು ಕೂಡಿಡುವ ಆ್ಯಪ್‌ಗಳು ಬಳಸುವ ಅಚ್ಚಿಗೆ ವಿಕಾರ್ಡ್ ಎಂದು ಹೆಸರು. 1990ರ ದಶಕದ ನಡುವೆ ಆ್ಯಪಲ್, ಎಟಿ ಆ್ಯಂಡ್ ಟಿ, ಐಬಿಎಂ, ಸೀಮೆನ್ಸ್ ಕಂಪನಿಗಳ ಕೂಟವೊಂದು ಅದನ್ನು ಕಟ್ಟಿತು. ಒಂದು ಫೋನಿನಿಂದ ಇನ್ನೊಂದಕ್ಕೆ ಹೆಸರು ದಾಟಿಸುವಾಗ ಹೋಗುವ ಕಡತ ಇವತ್ತಿಗೂ ಅದೇ. ಅದರಲ್ಲಿ ಪತ್ತೆಗೆ ಏಳು ಖಾನೆಗಳಿವೆ: ಅಂಚೆಪೆಟ್ಟಿಗೆ, ಹೆಚ್ಚಿನ ವಿವರ, ಬೀದಿ, ಊರು, ರಾಜ್ಯ, ಪಿನ್, ದೇಶ. ಜಿಲ್ಲೆ ತಾಲೂಕುಗಳಿಗೆ ಹೆಸರಿಟ್ಟ ಖಾನೆ ಇಲ್ಲ. ಬನಹಟ್ಟಿಯಲ್ಲಿ ನೇಕಾರರ ಓಣಿಯೊಂದರ ಮನೆ ಕೇಳಿ ನೋಡಿ. ‘ಹಿಂಗ ಸೀದಾ ಹೋಗ್ರಿ, ಮಗ್ಗದ ಸಪ್ಪಳ ನಿಲ್ಲೂ ಕಡೆ ಬೇವಿನ ಗಿಡ ಬರ್ತೈತಿ, ಅದರ ಬಾಜೂಕ ಕೇಳ್ರಿ, ಹೇಳ್ತಾರ’ ಎನ್ನುತ್ತಾರೆ. ಸಪ್ಪಳ ನಿಲ್ಲುವ ಜಾಗವನ್ನು ಯಾವ ಖಾನೆಗೆ ಬರೆಯುವುದು?

ಹೆಸರಿನ ಪಾಡೂ ಅದೇ. ವಿಕಾರ್ಡ್ ಮೊದಲು ಮನೆತನದ ಹೆಸರು ಕೇಳುತ್ತದೆ. ನಮ್ಮ ಕಡೆ ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಜಮಖಂಡಿ ತಾಲೂಕಿನ ಸಾವಳಗಿಯವರಾದ, 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾಗಿದ್ದ ಬಸಪ್ಪ ದಾನಪ್ಪ ಜತ್ತಿಯವರ ಹೆಸರು ಈ ಪದ್ಧತಿಗೆ ಎಲ್ಲರಿಗೂ ಗೊತ್ತಿರುವ ಮಾದರಿ. ಅಡ್ಡಹೆಸರು ಎಷ್ಟೋ ಸಲ ಊರೇ ಆಗಿರುತ್ತದೆ: ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ ಎಂಬ ಅಡ್ಡಹೆಸರಿನವರು ಹುಬ್ಬಳ್ಳಿ, ಸೊಲ್ಲಾಪುರಗಳಲ್ಲಿ ಸಿಗುತ್ತಾರೆ. ಆ ಊರಲ್ಲಿ ಇದ್ದಾಗ ಆ ಹೆಸರು ಯಾರಿಗೂ ಬೇಕಿರಲಿಲ್ಲ, ಬಿಟ್ಟು ಬಂದ ಮೇಲೆ ಜನ ಇಟ್ಟರು. ಹೆಸರಿನ ಖಾನೆಯಲ್ಲೇ ಅಜ್ಜನ ಹಳೆಯ ಪತ್ತೆ ಕೂತಿದೆ, ಆ್ಯಪ್‌ಗೆ ಅದು ತಿಳಿಯುವುದಿಲ್ಲ, ಪಾಪ.

ಆ್ಯಂಡ್ರಾಯ್ಡ್ ಫೋನಿನ ಕನ್ನಡದಲ್ಲಿ ಹೆಸರು, ನಂಬರುಗಳ ಈ ಪುಸ್ತಕಕ್ಕೆ ‘ಸಂಪರ್ಕಗಳು’ ಎಂದು ಹೆಸರಿಟ್ಟಿದ್ದಾರೆ. ತಪ್ಪೇನಿಲ್ಲ. ಆದರೆ ಅದನ್ನು ಬಾಯಲ್ಲಿ ಆಡಿದವರನ್ನು ನಾನು ಕಂಡಿಲ್ಲ. ‘ನಂಬರ ಸೇವ್ ಮಾಡ್ಕೋ’ ಎಂಬುದೇ ಮಾತು. ಸೇವ್ ಮಾಡುವ ರೀತಿಯನ್ನು ನೋಡಿದರೆ ಪತ್ತೆ ಎಲ್ಲಿಗೆ ಹೋಯಿತೆಂದು ಗೊತ್ತಾಗುತ್ತದೆ. ನನ್ನ ಫೋನಿನಲ್ಲಿ ‘ಬೋರವೆಲ್ ಮುಧೋಳ’, ‘ಜೆಸಿಬಿ ಬೀಳಗಿ ಕ್ರಾಸ್’, ‘ಹಾಲಿನಕ್ಕ ಹೊಸದು’, ‘ಕಬ್ಬಿನ ಗ್ಯಾಂಗ್ ದೊಡ್ಡ ಟ್ರ್ಯಾಕ್ಟರ್’ ಎಂಬ ಹೆಸರಿನವರಿದ್ದಾರೆ. ಇವು ಹುಡುಕಲು ಬೇಕಾದ ಸುಳಿವುಗಳು. ಮನೆಯ ಅರ್ಥ ಕಳೆದುಕೊಂಡ ಪತ್ತೆ ತನ್ನ ಇನ್ನೊಂದು ಅರ್ಥವನ್ನು ಹಿಡಿದು ಹೆಸರಿನ ಖಾನೆಗೆ ನುಗ್ಗಿದೆ. 2009ರಲ್ಲಿ ಸ್ವೀಡನ್ನಿನಲ್ಲಿ ಶುರುವಾದ ಟ್ರೂಕಾಲರಿನಂಥ ಆ್ಯಪ್ ಗುರುತಿಲ್ಲದ ನಂಬರಿಗೆ ಹೆಸರು ಹೇಳುತ್ತದಲ್ಲ, ಅದಂತೂ ಅಪ್ಪಟ ಪತ್ತೇದಾರಿಕೆ. ಇಂಥ ಆ್ಯಪ್‌ಗಳ ಇಡೀ ಕುಲಕ್ಕೆ ಕನ್ನಡದಲ್ಲಿ ಒಂದು ಹೆಸರಿಡುವ ಅಧಿಕಾರ ನನ್ನ ಕೈಯಲ್ಲಿದ್ದರೆ ‘ಪತ್ತೆವಹಿ’ ಎನ್ನುತ್ತಿದ್ದೆ. ಎರಡೂ ಅರ್ಥಕ್ಕೆ ಸಲ್ಲುತ್ತದೆ.

ಅಂಚೆ ಇಲಾಖೆ ಸುಮ್ಮನೆ ಕೂತಿಲ್ಲ. 2025ರ ಮೇ ತಿಂಗಳಲ್ಲಿ ಡಿಜಿಪಿನ್ ತಂದಿದೆ. ದೇಶವನ್ನೆಲ್ಲ ಸುಮಾರು ನಾಲ್ಕು ಮೀಟರ್ ಉದ್ದಗಲದ ಚೌಕಗಳಾಗಿ ಕತ್ತರಿಸಿ ಒಂದೊಂದಕ್ಕೂ ಹತ್ತು ಅಕ್ಷರ‑ಅಂಕಿಗಳ ಗುರುತು ಕೊಟ್ಟಿದ್ದಾರೆ. ಅದರಲ್ಲಿ ಊರಿಲ್ಲ, ಓಣಿಯಿಲ್ಲ, ಮನೆತನವಿಲ್ಲ. ನೆಲ ನೀರು ಎಂಬ ಭೇದವೂ ಇಲ್ಲ, ಬೀಳಗಿಯ ಹಿನ್ನೀರಿನ ಅಡಿಯ ಮನೆಗಳಿಗೂ ಒಂದೊಂದು ಡಿಜಿಪಿನ್ ಇದೆ.

ಲಗ್ನದ ಪಟ್ಟಿಯ ಕತೆ ಹೇಳುವುದು ಉಳಿಯಿತು. ಕಾಕಾ ಮತ್ತು ಹುಡುಗ ಎರಡು ದಿನ ಅಟ್ಟದ ಕೋಣೆಯಲ್ಲಿ ಕೂತರು. ಹುಡುಗ ಹೆಸರು ಓದುವುದು, ಕಾಕಾ ‘ಯಾರ ಪೈಕಿ?’ ಎನ್ನುವುದು. ನಮ್ಮ ಕಡೆ ಅದೇ ಮೊದಲ ಪ್ರಶ್ನೆ. ಮರಾಠಿಯಲ್ಲಿ ‘ಪೈಕೀ’ ಎಂದರೆ ‘ಅವುಗಳಲ್ಲಿ’ ಎಂದಷ್ಟೇ, ನಮ್ಮಲ್ಲಿ ಅದು ರಕ್ತಸಂಬಂಧವಾಗಿ ಬೆಳೆದಿದೆ. ಪೈಕಿ ಗೊತ್ತಾದರೆ ಊರು ಗೊತ್ತಾಗುತ್ತದೆ, ಊರು ಗೊತ್ತಾದರೆ ಅಲ್ಲಿ ಯಾರ ಕೈಯಲ್ಲಿ ಪತ್ರಿಕೆ ಕೊಟ್ಟು ಕಳಿಸಬೇಕೆಂಬುದೂ ಗೊತ್ತಾಗುತ್ತದೆ. ಅಂಚೆಗೆ ಹಾಕಿದ್ದು ನಲವತ್ತೋ ಐವತ್ತೋ, ಉಳಿದವೆಲ್ಲ ಕೈಯಿಂದ ಕೈಗೆ ಹೋದವು. ಹುಡುಗ ಪೈಕಿಯನ್ನೂ ಫೋನಿಗೆ ಹಾಕಬೇಕೆಂದು ಹಟ ಹಿಡಿದ. ಖಾಲಿ ಇದ್ದದ್ದು ಒಂದೇ ಖಾನೆ. ಹಾಗಾಗಿ ಈಗ ನನ್ನ ಫೋನಿನಲ್ಲಿ ನಮ್ಮ ಸೋದರಮಾವನ ಹೆಸರಿನ ಕೆಳಗೆ, ‘ಕಂಪನಿ’ ಎಂಬಲ್ಲಿ, ‘ಬೀಳಗಿ ದೊಡ್ಡವ್ವನ ಪೈಕಿ’ ಎಂದಿದೆ.